ಪರದೆ ಹೇಳುವುದನ್ನು ಮೊದಲು ಓದಿ



2025ರ ಅಕ್ಟೋಬರ್ 14ರಂದು ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ವಿಂಡೋಸ್ 11 ಹಾಕೋಣವೆಂದರೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು. ಪ್ರೊಸೆಸರ್ ಇಂಟೆಲ್‌ನದಾದರೆ ಹೆಚ್ಚುಕಡಿಮೆ ಎಂಟನೆಯ ತಲೆಮಾರಿನದೋ ಅದರ ಈಚಿನದೋ ಆಗಿರಬೇಕು. ಅಷ್ಟು ಹೊಸದಲ್ಲದ, ಆದರೆ ಕೀಲಿಮಣೆ, ಪರದೆ ಎಲ್ಲ ನೆಟ್ಟಗಿರುವ ಲ್ಯಾಪ್‌ಟಾಪುಗಳು ಶಾಲೆಗಳಲ್ಲಿ, ಸಂಘಸಂಸ್ಥೆಗಳಲ್ಲಿ, ಸಣ್ಣ ಕಚೇರಿಗಳಲ್ಲಿ ಬೀರುವಿನೊಳಗೆ ಒಂದರ ಮೇಲೊಂದು ಕೂತಿವೆ. ಲಿನಕ್ಸ್ ಹಾಕಿದರೆ ಅವು ಇನ್ನೂ ಕೆಲವು ವರ್ಷ ದುಡಿಯುತ್ತವೆ ಎನ್ನುವುದು ಬಹಳ ಜನಕ್ಕೆ ಗೊತ್ತು. ಹಾಕುವುದು ಹೇಗೆ ಎನ್ನುವಲ್ಲಿ ಕೆಲಸ ನಿಲ್ಲುತ್ತದೆ.

ಡಿವಿಡಿಯಿಂದ ಹಾಕೋಣವೆಂದರೆ ಡ್ರೈವಿನ ಲೇಸರ್ ಸೋತಿರುತ್ತದೆ. 2008ರ ಥಿಂಕ್‌ಪ್ಯಾಡ್ ಎಕ್ಸ್200ರಂಥ ಯಂತ್ರಗಳಿಗೆ ಡಿವಿಡಿ ಡ್ರೈವೇ ಇಲ್ಲ. ಕೆಲವು ಹಳೆಯ ಬಯಾಸ್‌ಗಳು ಪೆನ್‌ಡ್ರೈವಿನಿಂದ ಶುರುವಾಗಲು ಒಪ್ಪುವುದಿಲ್ಲ, ಒಪ್ಪಿದರೂ ಆಮೆಯ ವೇಗ. ಆದರೆ ಇವುಗಳಲ್ಲಿ ಬಹುಪಾಲು ಯಂತ್ರಗಳ ಮಗ್ಗುಲಲ್ಲಿ ಲ್ಯಾನ್ ಕೇಬಲ್ ಸಿಕ್ಕಿಸುವ ಚೌಕಾಕಾರದ ಕಿಂಡಿ ಇರುತ್ತದೆ. ಅದರ ಹಿಂದಿನ ಚಿಪ್ಪಿನ ಜೊತೆಗೆ ಒಂದು ಪುಟ್ಟ ಪ್ರೋಗ್ರಾಂ ಕೂಡ ಇರುತ್ತದೆ. ಡಿಸ್ಕ್ ಖಾಲಿ ಇದ್ದರೂ, ಡ್ರೈವ್ ಕೆಟ್ಟಿದ್ದರೂ, ಅದು ತಂತಿಯ ಮೂಲಕ ಪಕ್ಕದ ಕಂಪ್ಯೂಟರಿನಿಂದ, ಅಂದರೆ ಸರ್ವರಿನಿಂದ, ಇನ್‌ಸ್ಟಾಲರ್ ತರಿಸಿಕೊಳ್ಳಬಲ್ಲದು. ಇದರ ನಿಯಮಾವಳಿಗೆ ಪಿಎಕ್ಸ್‌ಇ ಎಂದು ಹೆಸರು. ಅದರ 2.1ನೆಯ ಆವೃತ್ತಿಯನ್ನು ಇಂಟೆಲ್ ಪ್ರಕಟಿಸಿದ್ದು 1999ರ ಸೆಪ್ಟೆಂಬರಿನಲ್ಲಿ. ಆಮೇಲೆ ಬಂದ ಆಫೀಸ್ ಲ್ಯಾಪ್‌ಟಾಪುಗಳಲ್ಲಿ ಇದು ಇರುವುದೇ ರೂಢಿ.

ಕೇಳಲು ಸಲೀಸು, ಮಾಡಲು ಕೂತರೆ ಮೊದಲ ಯತ್ನದಲ್ಲೇ ನಡೆಯುವುದು ಅಪರೂಪ. ನಡೆಯದಿದ್ದಾಗ ಜನ ಮಾಡುವುದೇನು? ಸರ್ವರ್ ಮತ್ತೆ ಮೊದಲಿಂದ ಸಿದ್ಧಮಾಡುತ್ತಾರೆ, ಬೇರೆ ಲಿನಕ್ಸ್ ಇಳಿಸುತ್ತಾರೆ, ಬಯಾಸ್ ಅಪ್‌ಡೇಟ್ ಮಾಡಲು ಹೊರಡುತ್ತಾರೆ. ಎಲ್ಲವನ್ನೂ ಒಟ್ಟಿಗೆ ಬದಲಾಯಿಸಿದರೆ ಯಾವುದರಿಂದ ಸರಿಯಾಯಿತು, ಯಾವುದರಿಂದ ಕೆಟ್ಟಿತು ಎಂಬುದು ದೇವರಿಗೇ ಗೊತ್ತು. ತಾನು ಯಾವ ಹಂತದಲ್ಲಿ ನಿಂತೆ ಎಂಬುದನ್ನು ಯಂತ್ರ ತಾನೇ ಪರದೆಯ ಮೇಲೆ ಬರೆಯುತ್ತದೆ. ಆ ಸಾಲು ಓದಿ, ಆ ಹಂತವನ್ನಷ್ಟೇ ಸರಿಪಡಿಸಿ. ನನ್ನ ಇವತ್ತಿನ ಮಾತಿನ ತಿರುಳು ಇಷ್ಟೇ. ಕೆಲವು ಸಂಖ್ಯೆಗಳು ಬರುತ್ತವೆ, ಕೈಗೆ ಪೆನ್ನು ಸಿಗುವಂತಿದ್ದರೆ ಗುರುತು ಹಾಕಿಕೊಳ್ಳಿ.

ಥಿಂಕ್‌ಪ್ಯಾಡ್ ಅಥವಾ ಡೆಲ್ ಲ್ಯಾಟಿಟ್ಯೂಡ್ ಆದರೆ ಚಾಲೂ ಮಾಡಿದ ಕೂಡಲೇ ಎಫ್12 ಒತ್ತಿ, ಬೂಟ್ ಪಟ್ಟಿ ಬರುತ್ತದೆ. ಅದರಲ್ಲಿ ನೆಟ್‌ವರ್ಕ್ ಎಂಬ ಸಾಲೇ ಇಲ್ಲದಿದ್ದರೆ ಯಾರೋ ಬಯಾಸ್‌ನಲ್ಲಿ ಅದನ್ನು ಆಫ್ ಮಾಡಿಟ್ಟಿರುತ್ತಾರೆ. ಡೆಲ್‌ನಲ್ಲಿ ‘ಇಂಟಿಗ್ರೇಟೆಡ್ ಎನ್‌ಐಸಿ’ ಎಂಬಲ್ಲಿ ಪಿಎಕ್ಸ್‌ಇ ಸಹಿತದ ಆಯ್ಕೆ ಇರುತ್ತದೆ. ಥಿಂಕ್‌ಪ್ಯಾಡಿನಲ್ಲಿ ‘ಈಥರ್ನೆಟ್ ಲ್ಯಾನ್ ಆಪ್ಷನ್ ರಾಮ್’ ಹುಡುಕಿ. ವೈಫೈ ಮೂಲಕ ಮಾಡಬಹುದೇ ಎಂದು ಕೇಳುವವರಿದ್ದಾರೆ. ಇಷ್ಟು ಹಳೆಯ ಲ್ಯಾಪ್‌ಟಾಪುಗಳಲ್ಲಿ ಆಗುವುದಿಲ್ಲ, ತಂತಿಯೇ ಬೇಕು.

ನೆಟ್‌ವರ್ಕ್ ಆರಿಸಿದ ಮೇಲೆ ಕಪ್ಪು ಪರದೆಯಲ್ಲಿ ಬಿಳಿ ಅಕ್ಷರ ಮೂಡುತ್ತವೆ. ಇಂಟೆಲ್‌ನ ಹೆಸರು, ಕೆಳಗೆ ಮ್ಯಾಕ್ ವಿಳಾಸ, ಅದರ ಕೆಳಗೆ ವಿಳಾಸ ಕೇಳುವ ವಿಧಾನವಾದ ಡಿಎಚ್‌ಸಿಪಿ ಎಂದು ಬರೆದು ಮುಂದೆ ಗಿರಗಿರ ತಿರುಗುವ ಒಂದು ಗೆರೆ. ಹಾಗೆ ತಿರುಗುವ ಬದಲು ಪಿಎಕ್ಸ್‌ಇ-ಇ61, ಮೀಡಿಯಾ ಟೆಸ್ಟ್ ಫೇಲ್ಯೂರ್ ಎಂದು ಬಂದರೆ ಸರ್ವರ್ ಕಡೆ ತಿರುಗಿಯೂ ನೋಡಬೇಡಿ. ತಂತಿಯ ಆಚೆ ತುದಿಯಲ್ಲಿ ಏನೂ ಇಲ್ಲ ಎಂದು ಯಂತ್ರ ಹೇಳುತ್ತಿದೆ. ಹೆಚ್ಚಿನ ಸಲ ಕೇಬಲ್ಲೇ ತಪ್ಪಿತಸ್ಥ.

ಒಂದು ಪ್ರೌಢಶಾಲೆಯ ಲ್ಯಾಬಿನಲ್ಲಿ ಇದೇ ಸಾಲು ಕಾಣಿಸಿಕೊಂಡಿತ್ತು. ಗಣಿತದ ಮೇಡಂ ಅಷ್ಟು ಸುಲಭಕ್ಕೆ ಒಪ್ಪಲಿಲ್ಲ.

“ಕೇಬಲ್ ಹೊಸದು ಸರ್. ಕ್ಯಾಮೆರಾ ಹಾಕೋ ಹುಡುಗ ಮೊನ್ನೆ ತಾನೇ ಕ್ರಿಂಪ್ ಮಾಡಿಕೊಟ್ಟು ಹೋಗಿದ್ದಾನೆ. ಆ ಹಳೇ ಡೆಸ್ಕ್‌ಟಾಪಿಗೆ ಹಾಕಿದ್ರೆ ಇಂಟರ್ನೆಟ್ ಬರ್ತಾ ಇದೆ.”

“ಇರಬಹುದು ಮೇಡಂ. ಆ ತುದಿ ಒಂಚೂರು ಬೆಳಕಿಗೆ ಹಿಡೀತೀರಾ?”

ಪಾರದರ್ಶಕ ಪ್ಲಾಸ್ಟಿಕ್ ತುದಿಯೊಳಗೆ ಎಂಟು ತಂತಿ ಕಾಣಬೇಕಾದಲ್ಲಿ ನಾಲ್ಕೇ ಕಂಡವು. ಉಳಿದ ನಾಲ್ಕನ್ನು ಆ ಹುಡುಗ ಹೊರಗಡೆಯೇ ಕತ್ತರಿಸಿದ್ದ. ಕ್ಯಾಮೆರಾಕ್ಕೆ ಅದು ಸಾಕು. ನೂರು ಮೆಗಾಬಿಟ್ ವೇಗದ ಸಂಪರ್ಕಕ್ಕೆ 1, 2, 3 ಮತ್ತು 6ನೆಯ ಪಿನ್ನುಗಳಷ್ಟೇ ಸಾಕು, ಹಳೆಯ ಡೆಸ್ಕ್‌ಟಾಪ್ ಆ ವೇಗದ್ದು. ಲ್ಯಾಪ್‌ಟಾಪಿನ ಕಾರ್ಡು ಮತ್ತು ಸ್ವಿಚ್ಚು ಎರಡೂ ಗಿಗಾಬಿಟ್‌ನವು. ಇರುವ ನಾಲ್ಕು ತಂತಿಯಲ್ಲೇ ಮಾತಾಡಿಕೊಂಡು ಎರಡೂ ಗಿಗಾಬಿಟ್‌ಗೆ ಒಪ್ಪಿಕೊಳ್ಳುತ್ತವೆ, ಆಮೇಲೆ ಎಂಟು ತಂತಿ ಹುಡುಕಿ ಸಿಗದೆ ಸಂಪರ್ಕ ಕಡಿದುಕೊಳ್ಳುತ್ತವೆ. ಕೆಲವು ಕಾರ್ಡುಗಳು ತಾವಾಗಿಯೇ ಕೆಳಗಿನ ವೇಗಕ್ಕೆ ಇಳಿಯುತ್ತವೆ, ಕೆಲವು ಇಳಿಯುವುದಿಲ್ಲ. ಎಂಟೂ ತಂತಿಯ ಬೇರೆ ಕೇಬಲ್ ಹಾಕಿದೆವು, ಗೆರೆ ತಿರುಗತೊಡಗಿತು. ಮೇಡಂ ಆ ಕತ್ತರಿಸಿದ ತುದಿಯನ್ನು ವಿಜ್ಞಾನ ಪಾಠಕ್ಕೆ ಬೇಕೆಂದು ತೆಗೆದಿಟ್ಟುಕೊಂಡರು.

ಈ ತಿರುಗುವ ಗೆರೆಯ ಹೊತ್ತಿಗೆ ಒಳಗೆ ಏನಾಗುತ್ತಿದೆ ಎಂಬುದು ತಿಳಿದಿರಬೇಕು. ಊರಿಗೆ ವರ್ಗವಾಗಿ ಬಂದ ಹೊಸ ಮೇಷ್ಟ್ರು ಬಸ್‌ಸ್ಟ್ಯಾಂಡಿನಲ್ಲಿ ಇಳಿದು, ನನಗೊಂದು ಬಿಡಾರ ಬೇಕು, ನನ್ನ ಸಾಮಾನು ಯಾರ ಮನೆಯಲ್ಲಿದೆ ಹೇಳಿ ಎಂದು ಕೂಗಿ ಕೇಳಿದರೆ ಹೇಗೋ ಹಾಗೆ, ಲ್ಯಾಪ್‌ಟಾಪು ಇಡೀ ನೆಟ್‌ವರ್ಕಿಗೆ ಕೇಳುವಂತೆ ಎರಡು ಪ್ರಶ್ನೆ ಹಾಕುತ್ತದೆ: ನನ್ನ ವಿಳಾಸ ಯಾವುದು, ನಾನು ಯಾವ ಕಡತ ಯಾರಿಂದ ತರಿಸಿಕೊಳ್ಳಬೇಕು. ಯಾರೂ ಓಗೊಡದಿದ್ದರೆ ಪಿಎಕ್ಸ್‌ಇ-ಇ51 ಎಂದು ಬರುತ್ತದೆ. ಯಾರೋ ಬಿಡಾರ ತೋರಿಸಿದರು, ಸಾಮಾನಿನ ಸುದ್ದಿ ಮಾತ್ರ ಹೇಳಲಿಲ್ಲ ಎಂದಾದರೆ ಪಿಎಕ್ಸ್‌ಇ-ಇ53, ಬೂಟ್ ಕಡತದ ಹೆಸರು ಸಿಗಲಿಲ್ಲ ಎಂದು. ಎರಡಕ್ಕೂ ಮದ್ದು ಬೇರೆ ಬೇರೆ.

ಇ51 ಬಂದರೆ ಸರ್ವರಿನ ಫೈರ್‌ವಾಲ್ ನೋಡಿ, ಯುಡಿಪಿ 67ನೆಯ ಪೋರ್ಟ್ ತೆರೆದಿರಬೇಕು. ಕಾಲೇಜು ಲ್ಯಾಬುಗಳಲ್ಲಿ ಇನ್ನೊಂದು ಕಾರಣ ಇರುತ್ತದೆ, ಅದು ಬೇಗ ಹೊಳೆಯುವುದಿಲ್ಲ. ಅಲ್ಲಿನ ದುಬಾರಿ ಸ್ವಿಚ್ಚುಗಳು ಹೊಸ ಕೇಬಲ್ ಸಿಕ್ಕಿಸಿದಾಗ ನೆಟ್‌ವರ್ಕಿನಲ್ಲಿ ಎಲ್ಲಿಯೂ ಸುತ್ತುಬಳಸು ದಾರಿ ಆಗುತ್ತಿಲ್ಲವೆಂದು ಖಾತ್ರಿ ಮಾಡಿಕೊಳ್ಳಲು ಕೇಬಲ್ ಸಿಕ್ಕಿಸಿದ ಪೋರ್ಟನ್ನು ಮೂವತ್ತು ಸೆಕೆಂಡು ಮುಚ್ಚಿಟ್ಟಿರುತ್ತವೆ. ಲ್ಯಾಪ್‌ಟಾಪು ನಾಲ್ಕು, ಎಂಟು, ಹದಿನಾರು, ಮೂವತ್ತೆರಡು ಸೆಕೆಂಡು ಕಾದು ಕಾದು ಕೂಗಬೇಕೆಂಬುದು ನಿಯಮ. ಕಾರ್ಡಿನ ರಾಮ್‌ನಲ್ಲಿರುವ ಕೆಲವು ಹಳೆಯ ಪ್ರೋಗ್ರಾಂಗಳಿಗೆ ಅಷ್ಟು ತಾಳ್ಮೆ ಇಲ್ಲ, ಬಾಗಿಲು ತೆರೆಯುವ ಮೊದಲೇ ಕೈಬಿಡುತ್ತವೆ. ಸ್ವಿಚ್ಚಿನಲ್ಲಿ ಆ ಪೋರ್ಟಿಗೆ ಪೋರ್ಟ್‌ಫಾಸ್ಟ್ ಎಂಬ ಆಯ್ಕೆ ಕೊಡಿ. ಸ್ವಿಚ್ಚಿನ ಪಾಸ್‌ವರ್ಡ್ ಯಾರ ಬಳಿಯೂ ಇಲ್ಲದಿದ್ದರೆ, ಸಾಮಾನ್ಯವಾಗಿ ಇರುವುದಿಲ್ಲ, ನಡುವೆ ಒಂದು ಅಗ್ಗದ ಸಾದಾ ಸ್ವಿಚ್ ಇಡಿ. ಲ್ಯಾಪ್‌ಟಾಪು ಆಫ್ ಆಗಿ ಆನ್ ಆದರೂ ದೊಡ್ಡ ಸ್ವಿಚ್ಚಿನ ಪೋರ್ಟು ತೆರೆದೇ ಇರುತ್ತದೆ.

ಇ53 ಮನೆಯಲ್ಲಿ ಮಾಡುವವರ ಕಾಯಿಲೆ. ಬ್ರಾಡ್‌ಬ್ಯಾಂಡಿನವರು ಕೊಟ್ಟ ರೂಟರ್ ತಾನೇ ಎಲ್ಲರಿಗೂ ವಿಳಾಸ ಹಂಚುತ್ತಿರುತ್ತದೆ, ಅದಕ್ಕೆ ಬೂಟ್ ಕಡತದ ಸುದ್ದಿಯೇ ಗೊತ್ತಿಲ್ಲ. ನಿಮ್ಮ ಸರ್ವರ್ ಕೂಡ ವಿಳಾಸ ಹಂಚಲು ಹೊರಟರೆ ಯಾರು ಮೊದಲು ಉತ್ತರಿಸಿದರೋ ಅವರದೇ ಮಾತು. ಒಮ್ಮೆ ನಡೆದದ್ದು ಇನ್ನೊಮ್ಮೆ ನಡೆಯುವುದಿಲ್ಲ. ಹೀಗೆ ಒಮ್ಮೊಮ್ಮೆ ಮಾತ್ರ ಕೆಲಸ ಮಾಡುವ ತೊಂದರೆ ಕಂಡರೆ ಮೊದಲು ರೂಟರ್ ಮೇಲೆ ಅನುಮಾನಪಡಿ. ಸೈಮನ್ ಕೆಲಿ ಬರೆದ ಡಿಎನ್‌ಎಸ್‌ಮಾಸ್ಕ್ ಎಂಬ ಚಿಕ್ಕ ಪ್ರೋಗ್ರಾಮಿನಲ್ಲಿ ಪ್ರಾಕ್ಸಿ ಡಿಎಚ್‌ಸಿಪಿ ಎಂಬ ವಿಧಾನವಿದೆ. ವಿಳಾಸ ಕೊಡುವ ಕೆಲಸ ರೂಟರಿಗೇ ಬಿಟ್ಟು, ಕಡತದ ಹೆಸರನ್ನಷ್ಟೇ ಇದು ಹೇಳುತ್ತದೆ. ರೂಟರಿನ ಒಂದು ಸೆಟ್ಟಿಂಗನ್ನೂ ಮುಟ್ಟಬೇಕಾಗಿಲ್ಲ. ಈ ಕೆಲಸಕ್ಕೆ ನಾನು ಬೇರೆ ಯಾವುದನ್ನೂ ಶಿಫಾರಸು ಮಾಡುವುದಿಲ್ಲ.

ಕಡತದ ಹೆಸರು ಸಿಕ್ಕಿತು, ಇನ್ನು ತರಿಸಿಕೊಳ್ಳಬೇಕು. ತರಿಸುವ ವಿಧಾನ ಟಿಎಫ್‌ಟಿಪಿ, 69ನೆಯ ಪೋರ್ಟ್. ಪಿಎಕ್ಸ್‌ಇ-ಇ32 ಬಂದರೆ ಆ ಸೇವೆ ನಡೆಯುತ್ತಿಲ್ಲ ಅಥವಾ ಫೈರ್‌ವಾಲ್ ತಡೆಯುತ್ತಿದೆ; ಪಿಎಕ್ಸ್‌ಇ-ಟಿ01 ಬಂದರೆ ಸೇವೆ ಇದೆ, ಕಡತ ಆ ಜಾಗದಲ್ಲಿಲ್ಲ. ಲಿನಕ್ಸಿನಲ್ಲಿ ದೊಡ್ಡಕ್ಷರ ಸಣ್ಣಕ್ಷರ ಬೇರೆ ಬೇರೆ ಎಂಬುದು ನೆನಪಿರಲಿ. ಟಿಎಫ್‌ಟಿಪಿ 512 ಬೈಟುಗಳ ಒಂದು ತುಣುಕು ಕಳಿಸಿ, ಮುಟ್ಟಿತು ಎಂಬ ಉತ್ತರ ಬರುವವರೆಗೆ ಕಾದು, ಇನ್ನೊಂದು ಕಳಿಸುತ್ತದೆ. ತುಣುಕಿನ ಸಂಖ್ಯೆಗೆ ಇರುವ ಜಾಗ ಹದಿನಾರು ಬಿಟ್, ಅಂದರೆ ಎಣಿಕೆ 65,535ಕ್ಕೆ ಮುಗಿಯುತ್ತದೆ. ಲೆಕ್ಕ ಹಾಕಿದರೆ ಸುಮಾರು 32 ಎಂಬಿ. ಹಳೆಯ ಸರ್ವರ್ ಪ್ರೋಗ್ರಾಂ ಬಳಸಿದರೆ ದೊಡ್ಡ ಕಡತ ಸರಿಯಾಗಿ ಅಲ್ಲಿಗೇ ನಿಲ್ಲುತ್ತದೆ. ತುಣುಕಿನ ಗಾತ್ರ ಹೆಚ್ಚಿಸಲು ಬರುವ ಹೊಸ ಪ್ರೋಗ್ರಾಂ ಹಾಕಿಕೊಳ್ಳಿ. ಇಲ್ಲವೇ ಐಪಿಎಕ್ಸ್‌ಇ ಎಂಬುದನ್ನು ಮೊದಲು ತರಿಸಿ, ಮುಂದಿನದನ್ನೆಲ್ಲ ಎಚ್‌ಟಿಟಿಪಿ ಮೂಲಕ ತನ್ನಿ. ವೇಗದ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ.

ಯಾವ ಕಡತ ಕಳಿಸುತ್ತೀರಿ ಎಂಬುದೂ ಮುಖ್ಯ. ಹಳೆಯ ಬಯಾಸ್ ಯಂತ್ರಕ್ಕೆ ಎಚ್. ಪೀಟರ್ ಆನ್ವಿನ್ ಬರೆದ ಸಿಸ್‌ಲಿನಕ್ಸಿನ ಪಿಎಕ್ಸ್‌ಇಲಿನಕ್ಸ್ ಬೇಕು, ಯುಇಎಫ್‌ಐ ಯಂತ್ರಕ್ಕೆ ಗ್ರಬ್‌ನಂಥದ್ದು ಬೇಕು. ಒಂದರದು ಇನ್ನೊಂದಕ್ಕೆ ಹೋದರೆ ಕಪ್ಪು ಪರದೆ ಬಂದು ಕೂರುತ್ತದೆ, ಅಷ್ಟೇ. ಲ್ಯಾಪ್‌ಟಾಪು ವಿಳಾಸ ಕೇಳುವಾಗಲೇ 93ನೆಯ ಆಯ್ಕೆಯಲ್ಲಿ ತಾನು ಯಾವ ಜಾತಿಯದೆಂದು ಹೇಳಿರುತ್ತದೆ, 0 ಎಂದರೆ ಬಯಾಸ್, 7 ಎಂದರೆ 64 ಬಿಟ್ ಯುಇಎಫ್‌ಐ. ಅದನ್ನು ನೋಡಿ ಕಡತ ಕೊಡುವಂತೆ ಡಿಎನ್‌ಎಸ್‌ಮಾಸ್ಕಿಗೆ ಹೇಳಿಡಬಹುದು. ಸಿಸ್‌ಲಿನಕ್ಸ್ 5ರಿಂದೀಚೆಗೆ ಎಲ್‌ಡಿಲಿನಕ್ಸ್ ಎಂಬ ಜೊತೆಗಡತವೂ ಪಕ್ಕದಲ್ಲಿರಬೇಕು. ಹಳೆಯ ಪುಸ್ತಕ ನೋಡಿ ಮಾಡಿದವರು ಇಲ್ಲಿ ಎಡವುತ್ತಾರೆ.

ಇಲ್ಲಿಂದ ಮುಂದೆ ಲಿನಕ್ಸಿನ ತಿರುಳಾದ ಕರ್ನೆಲ್. ಈ ಪ್ರೊಸೆಸರ್ 64 ಬಿಟ್ ಅಲ್ಲ ಎಂದು ಅದು ನಿಂತರೆ ಯಂತ್ರದ ತಪ್ಪಿಲ್ಲ. 2006ರ ಕೋರ್ ಡ್ಯುಯೋ 32 ಬಿಟ್‌ನದು, ಅದರ ಬೆನ್ನಿಗೇ ಬಂದ ಕೋರ್ 2 ಡ್ಯುಯೋ 64 ಬಿಟ್‌ನದು. ನಡುವೆ ಇರುವುದು ಎರಡು ಎಂಬ ಒಂದೇ ಅಂಕಿ. ಥಿಂಕ್‌ಪ್ಯಾಡ್ ಎಕ್ಸ್60 ಎರಡೂ ಬಗೆಯಲ್ಲಿ ಬಂದಿತ್ತು. 2008ರ ಹೊತ್ತಿನ ಪುಟಾಣಿ ನೆಟ್‌ಬುಕ್ಕುಗಳ ಆಟಂ ಎನ್270 ಕೂಡ 32 ಬಿಟ್. ಇನ್ನೊಂದು ಕಡೆ, ವಿಂಡೋಸಿನ 32 ಬಿಟ್ ಆವೃತ್ತಿ ಹಾಕಿಸಿಕೊಂಡಿದ್ದರಿಂದ ತಮ್ಮ ಯಂತ್ರವೂ 32 ಬಿಟ್ ಎಂದೇ ನಂಬಿದವರು ಬಹಳ. ಕೋರ್ 2 ಡ್ಯುಯೋ ಎಂದು ಕೆಳಗೆ ಅಂಟಿಸಿದ್ದರೆ ಧೈರ್ಯವಾಗಿ 64 ಬಿಟ್ ಹಾಕಿ. 2003-04ರ ಪೆಂಟಿಯಂ ಎಂ ಪ್ರೊಸೆಸರುಗಳಲ್ಲಿ ಇನ್ನೊಂದು ವಿಚಿತ್ರ: ಪಿಎಇ ಎಂಬ ಸೌಲಭ್ಯ ಅವುಗಳಲ್ಲಿದೆ, ಆದರೆ ಇದೆ ಎಂದು ಹೇಳಿಕೊಳ್ಳುವುದಿಲ್ಲ. ಕರ್ನೆಲ್ ಸಾಲಿಗೆ ಫೋರ್ಸ್‌ಪಿಎಇ ಎಂಬ ಒಂದು ಪದ ಸೇರಿಸಿದರೆ ಮುಂದುವರಿಯುತ್ತದೆ.

ಈಗ ಹೇಳುವುದು ಎಲ್ಲಕ್ಕಿಂತ ಹೆಚ್ಚು ಜನರನ್ನು ದಿಕ್ಕುತಪ್ಪಿಸುವ ಹಂತ. ಇನ್‌ಸ್ಟಾಲರ್ ಶುರುವಾಯಿತು, ಭಾಷೆ ಕೇಳಿತು, ದೇಶ ಕೇಳಿತು, ಆಮೇಲೆ ನೆಟ್‌ವರ್ಕ್ ಕಾರ್ಡ್ ಕಾಣುತ್ತಿಲ್ಲ ಎಂದಿತು. ನೆಟ್‌ವರ್ಕಿನಿಂದಲೇ ಬಂದ ಪ್ರೋಗ್ರಾಂ ನೆಟ್‌ವರ್ಕೇ ಇಲ್ಲ ಎನ್ನುತ್ತಿದೆ! ಇದರಲ್ಲಿ ವಿರೋಧವೇನೂ ಇಲ್ಲ. ಮೊದಲು ಕಾರ್ಡನ್ನು ನಡೆಸಿದ್ದು ಅದರ ರಾಮ್‌ನಲ್ಲಿದ್ದ ಪುಟ್ಟ ಪ್ರೋಗ್ರಾಂ. ಕರ್ನೆಲ್ ಬಂದ ಕೂಡಲೇ ಅದನ್ನು ಪಕ್ಕಕ್ಕೆ ಸರಿಸಿ, ತನ್ನದೇ ಡ್ರೈವರಿನಿಂದ ಕಾರ್ಡನ್ನು ಹೊಸದಾಗಿ ಎಬ್ಬಿಸುತ್ತದೆ. ಇಂಟೆಲ್ ಕಾರ್ಡುಗಳಿಗೆ ಇ1000ಇ, ಬ್ರಾಡ್‌ಕಾಮ್‌ಗೆ ಟಿಜಿ3, ರಿಯಲ್‌ಟೆಕ್‌ಗೆ ಆರ್8169 ಎಂಬ ಡ್ರೈವರುಗಳು ಸಾಮಾನ್ಯವಾಗಿ ತಾವಾಗಿಯೇ ಏಳುತ್ತವೆ. ಕೆಲವು ಕಾರ್ಡುಗಳಿಗೆ ಫರ್ಮ್‌ವೇರ್ ಎಂಬ ಹೆಚ್ಚುವರಿ ಕಡತ ಬೇಕು, ವೈಫೈ ಕಾರ್ಡುಗಳಲ್ಲಂತೂ ಹೆಚ್ಚಿನವಕ್ಕೆ ಬೇಕೇ ಬೇಕು. ಡೆಬಿಯನ್ ಎಂಬ ಲಿನಕ್ಸಿನವರು 2022ರಲ್ಲಿ ಮತ ಹಾಕಿ ನಿರ್ಧರಿಸಿದ ಮೇಲೆ ಡೆಬಿಯನ್ 12ರಿಂದ ಪೆನ್‌ಡ್ರೈವಿಗೆ ಇಳಿಸಿಕೊಳ್ಳುವ ಅಧಿಕೃತ ಪ್ರತಿಯಲ್ಲಿ ಈ ಕಡತಗಳು ಸೇರಿವೆ. ನೆಟ್‌ಬೂಟ್, ಅಂದರೆ ನೆಟ್‌ವರ್ಕ್ ಮೂಲಕ ಹಾಕುವ ಪ್ರತಿಯಲ್ಲಿ ಸೇರಿಲ್ಲ. ಫರ್ಮ್‌ವೇರಿನ ಕಟ್ಟನ್ನು ಬೇರೆಯಾಗಿ ಇಳಿಸಿ, ಇನಿಟ್‌ಆರ್‌ಡಿ ಎಂಬ ಕಡತದ ಬಾಲಕ್ಕೆ ಜೋಡಿಸಬೇಕು. ಜೋಡಿಸಲು ಕ್ಯಾಟ್ ಎಂಬ ಒಂದೇ ಆಜ್ಞೆ ಸಾಕು.

ಇನ್‌ಸ್ಟಾಲರಿನಲ್ಲಿ ತೊಂದರೆ ಬಂದಾಗ ನೀಲಿ ಪರದೆಯನ್ನೇ ದಿಟ್ಟಿಸುತ್ತ ಕೂರಬೇಡಿ. ಆಲ್ಟ್ ಹಿಡಿದು ಎಫ್4 ಒತ್ತಿದರೆ ಒಳಗೆ ನಡೆಯುತ್ತಿರುವುದರ ದಿನಚರಿ ಕಾಣುತ್ತದೆ, ಎಫ್2 ಒತ್ತಿದರೆ ಆಜ್ಞೆ ಬರೆಯಲು ಜಾಗ ಸಿಗುತ್ತದೆ. ಚಿತ್ರರೂಪದ ಇನ್‌ಸ್ಟಾಲರ್ ಆದರೆ ಕಂಟ್ರೋಲ್ ಕೂಡ ಸೇರಿಸಿ ಒತ್ತಬೇಕು. ಅಲ್ಲಿ ನೋಡಿದರೆ ಒಗಟುಗಳೆಲ್ಲ ಬಿಡಿಸಿಕೊಳ್ಳುತ್ತವೆ. ಉದಾಹರಣೆಗೆ, ಡೆಬಿಯನ್‌ನ ಭಂಡಾರದಿಂದ ಬಂದ ಪಟ್ಟಿಯ ಸಹಿ ಸರಿಯಿಲ್ಲ ಎಂಬ ದೂರು. ಭಂಡಾರ ಸರಿಯಾಗಿಯೇ ಇರುತ್ತದೆ. ಲ್ಯಾಪ್‌ಟಾಪಿನ ತಾಯಿಹಲಗೆಯ ಮೇಲೆ ಗಡಿಯಾರ ನಡೆಸುವ ಬಿಲ್ಲೆಯಾಕಾರದ ಬ್ಯಾಟರಿ ಇದೆ. ವರ್ಷಗಟ್ಟಲೆ ಬೀರುವಿನಲ್ಲಿದ್ದು ಅದು ಸತ್ತಿರುತ್ತದೆ, ಯಂತ್ರದ ಲೆಕ್ಕದಲ್ಲಿ ಇಸವಿ ಎಷ್ಟೋ ಹಿಂದಿನದು. ಈ ವರ್ಷ ಹಾಕಿದ ಸಹಿ ಅದರ ಕಣ್ಣಿಗೆ ಮುಂದೆಂದೋ ಹಾಕಲಿರುವ ಸಹಿ! ಬಯಾಸ್‌ನಲ್ಲಿ ದಿನಾಂಕ ಸರಿಮಾಡಿ. ಬ್ಯಾಟರಿ ಬದಲಿಸುವುದು ಇನ್ನೂ ಉತ್ತಮ, ದುಬಾರಿಯೇನಲ್ಲ.

ಕರ್ನೆಲ್ ಮಾಡ್ಯೂಲುಗಳು ಸಿಗುತ್ತಿಲ್ಲ ಎಂಬ ಸಂದೇಶವೂ ಹೀಗೆಯೇ ಹೆದರಿಸುತ್ತದೆ. ಆರು ತಿಂಗಳ ಹಿಂದೆ ಇಳಿಸಿಟ್ಟ ನೆಟ್‌ಬೂಟ್ ಕಡತ, ಈ ನಡುವೆ ಭಂಡಾರದಲ್ಲಿ ಹೊಸದಾದ ಕರ್ನೆಲ್; ಎರಡಕ್ಕೂ ತಾಳೆಯಾಗುತ್ತಿಲ್ಲ. ನೆಟ್‌ಬೂಟ್ ಕಡತವನ್ನು ಹೊಸದಾಗಿ ಇಳಿಸಿ, ಮುಗಿಯಿತು.

ಕನ್ನಡದಲ್ಲಿ ಇನ್‌ಸ್ಟಾಲ್ ಮಾಡಬಹುದೇ ಎಂದು ಕೇಳುವವರಿಗೆ ಒಂದು ಮಾತು. ಡೆಬಿಯನ್ ಇನ್‌ಸ್ಟಾಲರಿಗೆ ಕನ್ನಡ ಬರುತ್ತದೆ. ಆದರೆ ಬರೀ ಅಕ್ಷರದ ಪರದೆಗೆ ನಮ್ಮ ಒತ್ತಕ್ಷರಗಳನ್ನು ಮೂಡಿಸಲು ಬಾರದಿರುವುದರಿಂದ ಭಾಷೆಗಳ ಪಟ್ಟಿಯಲ್ಲಿ ಕನ್ನಡದ ಹೆಸರೇ ಕಾಣುವುದಿಲ್ಲ. ನೆಟ್‌ಬೂಟ್ ಕಡತಗಳ ನಡುವೆ ಜಿಟಿಕೆ ಎಂಬ ಕೋಶ ಬೇರೆಯಾಗಿದೆ. ಅದರೊಳಗಿನ ಪ್ರತಿ ಬಳಸಿ, ಕನ್ನಡ ಸಿಗುತ್ತದೆ. ಅದಕ್ಕೆ ಮೆಮೊರಿ ಸ್ವಲ್ಪ ಹೆಚ್ಚು ಬೇಕು.

ಹತ್ತಿಪ್ಪತ್ತು ಲ್ಯಾಪ್‌ಟಾಪಿಗೆ ಹಾಕುವ ಶಾಲೆಗಳು ಸರ್ವರಿನಲ್ಲಿ ಆಪ್ಟ್-ಕ್ಯಾಶರ್-ಎನ್‌ಜಿ ಎಂಬುದನ್ನೂ ಹಾಕಿಕೊಳ್ಳಲಿ, ಅದು 3142ನೆಯ ಪೋರ್ಟಿನಲ್ಲಿ ಕೂರುತ್ತದೆ. ಮೊದಲ ಯಂತ್ರಕ್ಕೆ ಇಂಟರ್ನೆಟ್‌ನಿಂದ ಬಂದ ಪೊಟ್ಟಣಗಳು ಅಲ್ಲೇ ಉಳಿದು ಮಿಕ್ಕವಕ್ಕೆ ಒಳಗಿನಿಂದಲೇ ಹೋಗುತ್ತವೆ, ಡೇಟಾ ಉಳಿಯುತ್ತದೆ. 32 ಬಿಟ್ ಯಂತ್ರ ಇಟ್ಟುಕೊಂಡವರು ಇನ್ನೊಂದು ಗಮನಿಸಿ: 2025ರ ಆಗಸ್ಟಿನಲ್ಲಿ ಬಂದ ಡೆಬಿಯನ್ 13ರಲ್ಲಿ ಅವಕ್ಕೆ ಇನ್‌ಸ್ಟಾಲರ್ ಇಲ್ಲ, 12ನೆಯದನ್ನೇ ಹಾಕಬೇಕು. ಅದರ ದೀರ್ಘಾವಧಿ ಬೆಂಬಲ 2028ರ ಜೂನ್‌ವರೆಗೆ ಮಾತ್ರ.

ಕೊನೆಯದಾಗಿ, ಕೆಲಸ ಮುಗಿದ ಮೇಲೆ ಮರೆಯಬಾರದ ಎರಡು ಸಂಗತಿ. ಪ್ರತಿ ಲ್ಯಾಪ್‌ಟಾಪಿನ ಬಯಾಸ್‌ನಲ್ಲಿ ಬೂಟ್ ಕ್ರಮವನ್ನು ಮತ್ತೆ ಡಿಸ್ಕಿಗೆ ತಿರುಗಿಸಿ. ನೆಟ್‌ವರ್ಕನ್ನೇ ಮೊದಲಿಟ್ಟರೆ ಯಂತ್ರ ಪ್ರತಿ ಸಲವೂ ಇನ್‌ಸ್ಟಾಲರಿಗೇ ಹೋಗುತ್ತದೆ. ಸರ್ವರಿನಲ್ಲಿ ಡಿಎನ್‌ಎಸ್‌ಮಾಸ್ಕ್ ನಿಲ್ಲಿಸಿಯೇ ಎದ್ದು ಹೋಗಿ. ಪ್ರಶ್ನೆ ಕೇಳದೆ ತಾನಾಗಿಯೇ ಇನ್‌ಸ್ಟಾಲ್ ಆಗುವಂತೆ ಉತ್ತರಗಳನ್ನು ಮೊದಲೇ ಬರೆದಿಟ್ಟಿದ್ದರಂತೂ, ಮಾರನೆಯ ದಿನ ಅದೇ ನೆಟ್‌ವರ್ಕಿಗೆ ಸಿಕ್ಕಿಸಿದ ಹೆಡ್‌ಮಾಸ್ಟರ ಕಂಪ್ಯೂಟರಿನ ಡಿಸ್ಕನ್ನೂ ಅದು ಅಳಿಸಿಹಾಕಬಲ್ಲದು.